ಎಷ್ಟುದ್ದ

ಸಸಿಹಿತ್ಲುವಿನ ಅಳಿವೆಯಲ್ಲಿ, ಶಾಂಭವಿಯೂ ನಂದಿನಿಯೂ
ಒಂದೇ ಬಾಯಿಂದ ಕಡಲಿಗೆ ಬೀಳುವ ಕಡೆ,
ನಾವು ಆ ಹೆಸರು ಎತ್ತುವುದಿಲ್ಲ.
ಹೇಳಲೇಬೇಕಾಗಿ ಬಂದರೆ ‘ದೊಡ್ಡವರು’ ಅನ್ನುತ್ತೇವೆ,
ಸಾಲ ವಸೂಲಿಗೆ ಬಂದ ಬ್ಯಾಂಕಿನವರ ಬಗ್ಗೆ
ಒಳಕೋಣೆಯಲ್ಲಿ ಪಿಸುಗುಟ್ಟುವ ಹಾಗೆ.

ತೇಜಪಾಲ ಕುಂದರ್ ಮಾತ್ರ ಹೇಳುತ್ತಾನೆ.
ಸರ್ಫಿಂಗ್ ಕಲಿಯಲು ಬಂದವರು, ಬೋರ್ಡಿಗೆ ಮೇಣ ಉಜ್ಜುತ್ತ,
ಮೊದಲು ಕೇಳುವುದೇ ಅದನ್ನು: ಇಲ್ಲಿ ಶಾರ್ಕ್ ಇದೆಯಾ?
‘ಕಡಲಲ್ಲವಾ ಮಾರಾಯ್ರೆ,’ ಎನ್ನುತ್ತಾನೆ,
‘ಮತ್ತೆ ಕೊತ್ತಂಬರಿ ಇರುತ್ತದಾ?’
ಅವರು ನಗುತ್ತಾರೆ. ನಕ್ಕವರ ಕಾಲು
ಆ ದಿನ ಪೂರ್ತಿ ನೀರಿಗಿಂತ ಒಂದು ಗೇಣು ಮೇಲೆ.

ನಲವತ್ತು ವರ್ಷ ಬಲೆ ಎಳೆದ ದೂಮಣ್ಣ ಮೆಂಡನ್
ಮಗುಚಿಟ್ಟ ದೋಣಿಗೆ ಒರಗಿ ಬೀಡಿ ಹಚ್ಚುತ್ತ ಒಮ್ಮೆ ಅಂದಿದ್ದ:
ನೀನು ನೋಡಿಲ್ಲ ಅಷ್ಟೇ ಮಗಳೇ.
ಅದು ನಿನ್ನನ್ನು ಎಷ್ಟು ಸಲ ನೋಡಿ ಹೋಗಿದೆಯೋ.
ಸುಳ್ಳು ಯಾಕೆ, ಆ ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು.
ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟಿರಲಿಲ್ಲ.

ಅಮ್ಮ ಮೂಲ್ಕಿ ಮಾರ್ಕೆಟ್ಟಿನಲ್ಲಿ ಅದನ್ನು ಕೊಯ್ಯುತ್ತಾಳೆ.
ತಾಟೆ ಅನ್ನುತ್ತಾಳೆ, ಬದನೆ ಅಂದಷ್ಟೇ ಸಲೀಸಾಗಿ.
ಚರ್ಮ ಮರಳುಕಾಗದ; ಬಿಸಿನೀರು ಸುರಿದು ಉಜ್ಜಬೇಕು.
ಬಾಣಂತಿ ಮನೆಗಳಿಂದ ಬೆಳಗಾಗುವ ಮೊದಲೇ ಫೋನು:
ಸಣ್ಣದಿದ್ದರೆ ಎತ್ತಿಡಿ ಗುಲಾಬಿಯಕ್ಕ, ಹಾಲು ಹೆಚ್ಚುತ್ತದಂತೆ.
ನಾನೂ ಹಾಗೆ ಹೆಚ್ಚಿದ ಹಾಲು ಕುಡಿದವಳೇ.
ಒಂದೊಂದು ಸಲ ಹೊಟ್ಟೆ ಸೀಳಿದರೆ ಒಳಗೆ ಮರಿಗಳು,
ಗೇಣುದ್ದ, ಹಲ್ಲಿನ ಸಮೇತ, ಕಣ್ಣು ತೆರೆದೇ.
ಆಗ ಸ್ವಲ್ಪ ಹೊತ್ತು ಅವಳು ಗಿರಾಕಿಯೊಡನೆ ಮಾತಾಡುವುದಿಲ್ಲ.
ಆಮೇಲೆ ಆಡುತ್ತಾಳೆ.

ಮೊನ್ನೆ, ಮಳೆ ಕಳೆದ ಮೇಲಿನ ಮೊದಲ ತಿಳಿನೀರು.
ಬೆಳಗಿನ ಆರೂವರೆ. ಅಲೆಗಳಿಗೆ ಬಿಡುವು.
ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವಳ ಹಾಗೆ
ಬೋರ್ಡಿನ ಎರಡೂ ಬದಿಗೆ ಕಾಲು ಇಳಿಬಿಟ್ಟು ಕಾಯುತ್ತಿದ್ದೆ.
ಬೂತಾಯಿಗಳ ಹಿಂಡೊಂದು ಫಕ್ಕನೆ ಮೇಲೆ ಚಿಮ್ಮಿತು,
ಯಾರೋ ಹಿಡಿ ಚಿಲ್ಲರೆ ಎಸೆದ ಹಾಗೆ.
ಆಮೇಲೆ ಅದು.

ಬೂದಿ ಬಣ್ಣ. ಅವಸರವೇ ಇಲ್ಲ.
ಬಾಲ ಮಾತ್ರ, ಬಾಗಿಲು ಹಾಕಲು ಮರೆತ ಮನೆಯಲ್ಲಿ
ಕದ ಆಡುವ ಹಾಗೆ, ಆಚೆ, ಈಚೆ.
ಕಿರುಚಬೇಕೆಂದುಕೊಂಡೆ. ನಾಲಗೆಗೆ ಬಂದದ್ದು
ಕಿಲೋಗೆ ನಾನೂರು.
ನಾಚಿಕೆಯಾಯಿತು. ಮತ್ತೆ ಹೊಳೆಯಿತು:
ಅದರ ತಕ್ಕಡಿಯಲ್ಲಿ ನಾನೆಷ್ಟು ತೂಗುತ್ತೇನೆ?
ಆಗ ಕಾಲೆತ್ತಿದೆ.

ಅದು ನನ್ನ ಬೋರ್ಡಿನ ಅಡಿಯಿಂದಲೇ ಹಾದು,
ಹೊಳೆಯ ಕೆನ್ನೀರು ಶುರುವಾಗುವ ಗೆರೆಯಲ್ಲಿ ಕರಗಿತು;
ಕಿವಿರು ಎತ್ತಿ ನೋಡಿ, ಬೇಡ ಎಂದು
ಪಕ್ಕದ ಬುಟ್ಟಿಗೆ ಹೋಗುವ ಗಿರಾಕಿಯ ಹಾಗೆ.

ಹಿಂದಿನಿಂದ ಅಲೆ ಬಂತು, ಹಿಡಿದೆ.
ಈ ವರ್ಷದ ನನ್ನ ಅತಿ ಕೆಟ್ಟ ಸವಾರಿ:
ಮರಳು ತಾಗುವವರೆಗೂ ಮೊಣಕಾಲಿನಿಂದ ಏಳಲಿಲ್ಲ.
ದಡದಲ್ಲಿ ಆರು ಜನ ಹೊಸಬರು, ಕೈಯಲ್ಲಿ ಮೇಣ.
ತೇಜಪಾಲ ನನ್ನ ಮುಖ ನೋಡಿದ, ಒಂದೇ ಸಲ.
ಅವರಿಗೆ ಹೇಳಿದ: ಇವತ್ತು ಪಾಠ ಮರಳಿನ ಮೇಲೆ.
ಕೊತ್ತಂಬರಿಯ ಮಾತು ಅವನೂ ಎತ್ತಲಿಲ್ಲ.

ಸಂಜೆ ಅಮ್ಮನಿಗೆ ಹೇಳಿದೆ. ಬೈಗುಳಕ್ಕೆ ಕಾದಿದ್ದೆ.
‘ಎಷ್ಟುದ್ದ?’
ಎರಡೂ ಕೈ ಚಾಚಿದೆ. ಬಲಗೈ ಗೋಡೆಗೆ ತಾಗಿತು.
‘ಮರಿ’ ಎಂದಳು, ಈರುಳ್ಳಿಯಿಂದ ಕಣ್ಣೆತ್ತದೆ.
ಒಗ್ಗರಣೆ ಸಿಡಿಯಿತು. ಅನ್ನ ಬಸಿದಳು.
ನಾನು ಮರೆತೇ ಬಿಟ್ಟಿದ್ದೆ, ಆಗ ಕೇಳಿದಳು:
‘ಒಂದೇ ಇತ್ತಾ? ತಾಯಿ ಇರಲಿಲ್ಲವಾ ಹತ್ತಿರ?’

ನಾನು ನೋಡಲಿಲ್ಲ, ಅಂದೆ.